ವಿಧವೆಯ ಜೀವನಾಂಶ ಮತ್ತು ಗಂಡನ ಆಸ್ತಿ

ಗಂಡ ತೀರಿಕೊಂಡ ಮೇಲೆ ಕುಟುಂಬದ ಆಸ್ತಿಯಿಂದ ವಿಧವೆಗೆ ಸಲ್ಲುವ ಜೀವನಾಂಶವನ್ನು ಮನೆಯ ಹಿರಿಯರ ಕೃಪೆಯೆಂದೇ ಅನೇಕ ಕಡೆ ಭಾವಿಸಲಾಗುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅದು ಹಕ್ಕು. ಈ ಹಕ್ಕು ಎಷ್ಟು ಬಲವಾದುದೆಂಬುದು ನೆಲ್ಲೂರಿನ ಒಂದು ವ್ಯಾಜ್ಯದಿಂದ ಸ್ಪಷ್ಟವಾಯಿತು.

ತುಳಸಮ್ಮ ಎಂಬುವರ ಪತಿ 1931ರಲ್ಲಿ, ಕುಟುಂಬ ಅವಿಭಕ್ತವಾಗಿದ್ದಾಗಲೇ ನಿಧನರಾದರು. ಆಸ್ತಿ ಪತಿಯ ಮಲಸಹೋದರರ ಕೈಯಲ್ಲಿ ಉಳಿಯಿತು. 1944ರಲ್ಲಿ ಆಕೆ ಜೀವನಾಂಶಕ್ಕಾಗಿ ನ್ಯಾಯಾಲಯದ ಮೊರೆಹೊಕ್ಕರು. ಡಿಕ್ರಿಯಾದ ಬಳಿಕ, 1949ರಲ್ಲಿ ಉಭಯಪಕ್ಷಗಳಿಗೂ ರಾಜಿಯಾಯಿತು. ಕೆಲವು ಆಸ್ತಿಗಳನ್ನು ಆಕೆ ಜೀವಿತಾವಧಿಯವರೆಗೆ ಅನುಭವಿಸಬಹುದು, ಪರಭಾರೆ ಮಾಡಕೂಡದು, ಆಕೆಯ ನಂತರ ಅವು ಮಲಸಹೋದರರಿಗೆ ಸೇರಬೇಕು ಎಂಬುದು ಷರತ್ತು. 1960-61ರಲ್ಲಿ ಆಕೆ ಕೆಲವನ್ನು ಗುತ್ತಿಗೆಗೆ ಕೊಟ್ಟು, ಕೆಲವನ್ನು ಮಾರಿದಾಗ ದಾವೆ ಹೂಡಲಾಯಿತು. ಉಚ್ಚ ನ್ಯಾಯಾಲಯದಲ್ಲಿ ಆಕೆಗೆ ಸೋಲಾಯಿತು.

1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೆಯ ಪ್ರಕರಣದ ಮೊದಲ ಉಪಪ್ರಕರಣದಂತೆ, ಹಿಂದೂ ಮಹಿಳೆಯ ಸ್ವಾಧೀನದಲ್ಲಿರುವ ಆಸ್ತಿಗೆ ಆಕೆಯೇ ಪೂರ್ಣ ಒಡತಿ. ದಾನ, ಉಯಿಲು, ಡಿಕ್ರಿ ಮುಂತಾದವುಗಳ ಮೂಲಕ ನಿರ್ಬಂಧಿತ ಹಕ್ಕನ್ನಷ್ಟೇ ಕೊಟ್ಟಿದ್ದರೆ ಆ ನಿರ್ಬಂಧ ಉಳಿಯುತ್ತದೆಂದು ಎರಡನೆಯದು ಹೇಳುತ್ತದೆ. ಈ ಪ್ರಕರಣದ ಕರಡು ಕಕ್ಷಿಗಾರರಿಗೆ ಗೊಂದಲವನ್ನೂ ವಕೀಲರಿಗೆ ಸುಗ್ಗಿಯನ್ನೂ ತಂದಿದೆಯೆಂಬುದು ಪೀಠದಲ್ಲಿದ್ದ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಅಭಿಪ್ರಾಯವಾಗಿತ್ತು, ಅದು ಅತಿಶಯೋಕ್ತಿಯಲ್ಲ. ತುಳಸಮ್ಮನವರ ಜೀವನಾಂಶದ ಹಕ್ಕು ರಾಜಿಗೆ ಮೊದಲೇ ಇತ್ತು. ರಾಜಿಪತ್ರ ಅದನ್ನು ಹೊಸದಾಗಿ ಸೃಷ್ಟಿಸಲಿಲ್ಲ, ಮಾನ್ಯಮಾಡಿತು ಅಷ್ಟೆ. ಆದುದರಿಂದ ಅದರಲ್ಲಿದ್ದ ಷರತ್ತು ನಿಲ್ಲಲಿಲ್ಲ. ಅಧಿನಿಯಮ ಜಾರಿಗೆ ಬಂದೊಡನೆ ಆಕೆ ಪೂರ್ಣ ಒಡತಿಯಾಗಿದ್ದರು.

ಉಯಿಲು ಬರೆಯದೆ ಗಂಡ ಮೃತನಾದರೆ, ಅವನ ಆಸ್ತಿಯಲ್ಲಿ ಹೆಂಡತಿ ಮೊದಲ ವರ್ಗದ ವಾರಸುದಾರಳು. ಮಗ, ಮಗಳು ಮತ್ತು ಅತ್ತೆಯೊಡನೆ ಆಕೆಗೂ ಸಮಪಾಲು ಉಂಟು. ಹಿಂದೂಗಳಂತೆ ಬೌದ್ಧ, ಜೈನ, ಸಿಖ್ಖರಿಗೂ ಈ ಕಾನೂನು ಅನ್ವಯಿಸುತ್ತದೆ. ಆದರೆ “ತಿಂಗಳಿಗಿಷ್ಟು ಕೊಡುತ್ತೇವೆ” ಎಂದು ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವ ಬಂಧುಗಳಿದ್ದಾರೆ. ಇದು ನಷ್ಟದ ವ್ಯವಹಾರ. ಜೀವನಾಂಶದ ಹಕ್ಕು ಮರುವಿವಾಹವಾದರೆ ನಿಲ್ಲುತ್ತದೆ. ಉತ್ತರಾಧಿಕಾರದಿಂದ ಬಂದ ಪಾಲು ಮರುವಿವಾಹದಿಂದ ಕೈಬಿಡುವುದಿಲ್ಲ.

ಉಯಿಲಿನಲ್ಲಿ ಪಾಲು ಸಿಗದ ವಿಧವೆಯೂ ಬರಿಗೈಯವಳಲ್ಲ. ಆಸ್ತಿ ಪಡೆದವರು ಅದರಿಂದಲೇ ಆಕೆಯನ್ನು ಪೋಷಿಸಬೇಕೆಂದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ ವಿಧಿಸುತ್ತದೆ. ಪರಿಸ್ಥಿತಿ ಗಣನೀಯವಾಗಿ ಬದಲಾದರೆ ಮೊತ್ತವನ್ನು ಹೆಚ್ಚಿಸುವಂತೆ ಕೋರಬಹುದು.

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವವರು ಒಂದು ವಿಷಯವನ್ನು ಗಮನಿಸಬೇಕು. ಗಂಡನ ಜಮೀನು ಕರ್ನಾಟಕದಲ್ಲಿದ್ದರೆ ಪಾಲಿನ ದಾವೆಯನ್ನು ಜಮೀನು ಇರುವ ಸ್ಥಳದ ನ್ಯಾಯಾಲಯದಲ್ಲೇ ಹೂಡತಕ್ಕದ್ದು. 1995ರಲ್ಲಿ ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಪ್ರಕಾರ, ವರಮಾನ ಎಷ್ಟೇ ಇದ್ದರೂ ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು. ಅರ್ಜಿಯನ್ನು ಅಲ್ಲಿನ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು.