ಲಡಿಯಿಂದ ಉಂಡೆಗೆ: ನೂಲಿನ ಮೊದಲ ಪರೀಕ್ಷೆ

ಕೈಯಿಂದ ಬಣ್ಣ ಹಾಕಿದ ಉಣ್ಣೆ ನೂಲು ಹೆಚ್ಚಾಗಿ ಲಡಿಯ ರೂಪದಲ್ಲೇ ಮಾರಾಟಕ್ಕೆ ಬರುತ್ತದೆ. ದೊಡ್ಡ ಬಳೆಯಾಗಿ ಸುತ್ತಿ, ಮೂರ್ನಾಲ್ಕು ಕಡೆ ಸಡಿಲವಾಗಿ ಕಟ್ಟು ಹಾಕಿ, ಆಮೇಲೆ ಹುರಿ ಮಾಡಿ ಮಡಚಿದ್ದೇ ಲಡಿ. ನೋಡಲು ಚೆಂದ, ಆದರೆ ಈ ಆಕಾರ ಹೆಣೆಯುವವರಿಗಾಗಿ ಹುಟ್ಟಿದ್ದಲ್ಲ. ಬಣ್ಣದ ನೀರು ಪ್ರತಿ ಎಳೆಯ ಒಳಕ್ಕೂ ಇಳಿಯಬೇಕು, ಒದ್ದೆ ನೂಲು ಗಳುವಿನ ಮೇಲೆ ಗಾಳಿಯಾಡುತ್ತ ಒಣಗಬೇಕು. ಬಣ್ಣಗಾರನ ಈ ಎರಡು ಅಗತ್ಯಗಳು ಅದನ್ನು ರೂಪಿಸಿವೆ. ಹುರಿ ಬಿಚ್ಚಿ ನೇರವಾಗಿ ಹೆಣೆಯಲು ಕೂತರೆ ಒಂದೆರಡು ಸಾಲು ಮುಗಿಯುವಷ್ಟರಲ್ಲಿ ಒಂದು ಸುತ್ತು ಇನ್ನೊಂದರ ಕೆಳಗೆ ನುಸುಳಿ ಸಿಕ್ಕಾಗುತ್ತದೆ. ಅದಕ್ಕೇ ಮೊದಲು ಉಂಡೆ ಮಾಡಿಕೊಳ್ಳುವುದು. ಅನೇಕರಿಗೆ ಇದೊಂದು ದಂಡದ ಕೆಲಸ; ಎಷ್ಟು ಹೊತ್ತಿಗೆ ಮುಗಿದು ಕಡ್ಡಿ ಹಿಡಿದೇವೋ ಎಂಬ ಆತುರ. ಆದರೆ ಸಿಕ್ಕು ತಪ್ಪಿಸುವುದು ಇದರ ಸಣ್ಣ ಲಾಭ. ನೂಲನ್ನು ಆದಿಯಿಂದ ಅಂತ್ಯದವರೆಗೆ ಪರೀಕ್ಷಿಸಲು ಹೆಣೆಯುವವರಿಗೆ ಸಿಗುವ ಒಂದೇ ಅವಕಾಶ ಇದು.

ಸುತ್ತುವಾಗ ನಡೆಯುವುದನ್ನು ಹತ್ತಿರದಿಂದ ನೋಡಿ. ಮಧ್ಯಮ ದಪ್ಪದ 100 ಗ್ರಾಂ ಉಣ್ಣೆಯಲ್ಲಿ ಹೆಚ್ಚುಕಡಿಮೆ 200 ಮೀಟರ್ ನೂಲಿರುತ್ತದೆ. ಅದಷ್ಟೂ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಾದುಹೋಗುತ್ತದೆ. ಕಣ್ಣು ಬೇರೆಲ್ಲೋ ಇದ್ದರೂ ಬೆರಳಿಗೆ ತಿಳಿಯುತ್ತದೆ: ಇಲ್ಲೊಂದು ಗಂಟು, ಇಲ್ಲಿ ಎಳೆ ತೆಳುವಾಗಿದೆ, ಇಲ್ಲಿ ಹುರಿಯೇ ಬಿದ್ದಿಲ್ಲ, ಇಲ್ಲಿ ನುಸಿ ತಿಂದು ಒಂದೇ ಎಳೆ ಉಳಿದಿದೆ. ಆಗ ಸಿಕ್ಕ ಗಂಟನ್ನು ಕತ್ತರಿಸಿ ಎರಡು ಉಂಡೆ ಮಾಡಿಟ್ಟರೆ ಆಯಿತು, ಜೋಡಣೆಯನ್ನು ಸಾಲಿನ ಅಂಚಿಗೆ ತಂದುಕೊಳ್ಳಬಹುದು. ಅದೇ ಗಂಟು ಸ್ವೆಟರಿನ ಎದೆಯ ಭಾಗದಲ್ಲಿ, ಸಾಲಿನ ನಟ್ಟನಡುವೆ ಎದುರಾದರೆ ಅರ್ಧ ಸಾಲು ಬಿಚ್ಚಬೇಕು, ಇಲ್ಲವೇ ಗಂಟನ್ನು ಹಿಂಬದಿಗೆ ತಳ್ಳಿ ಕಾಣಿಸದಿರಲಿ ಎಂದು ಹಾರೈಸಬೇಕು. ಬಣ್ಣದ ವಿಷಯವೂ ಹೀಗೇ. ಒಂದೇ ಹೆಸರಿನ ಎರಡು ಲಡಿಗಳ ನಡುವೆ ಛಾಯೆಯ ವ್ಯತ್ಯಾಸವಿರಬಹುದು. ಉಂಡೆಗಳನ್ನು ಅಕ್ಕಪಕ್ಕ ಇಟ್ಟಾಗ ಅದು ಕಾಣುತ್ತದೆ. ಮೊದಲೇ ಗೊತ್ತಾದರೆ ಎರಡೆರಡು ಸಾಲಿಗೊಮ್ಮೆ ಉಂಡೆ ಬದಲಿಸುತ್ತ ವ್ಯತ್ಯಾಸವನ್ನು ಕರಗಿಸಿಬಿಡಬಹುದು.

ಇದು ಮನೆಯಲ್ಲಿ ಹೆಣೆಯುವವರ ಅತಿ ಎಚ್ಚರಿಕೆಯೇನಲ್ಲ, ನೂಲಿನ ಉದ್ಯಮ ನಡೆಯುವುದೇ ಹೀಗೆ. ಕಚ್ಚಾ ರೇಷ್ಮೆಯ ಗುಣಮಟ್ಟ ಅಳೆಯುವ ಪರೀಕ್ಷೆಗಳಲ್ಲಿ ಸುತ್ತುವ ಪರೀಕ್ಷೆಯೂ ಒಂದು. ಲಡಿಯಿಂದ ಬಾಬಿನ್‌ಗೆ ನಿಗದಿತ ವೇಗದಲ್ಲಿ, ನಿಗದಿತ ಹೊತ್ತು ನೂಲು ಸುತ್ತಿ, ಎಷ್ಟು ಬಾರಿ ಹರಿಯಿತೆಂದು ಎಣಿಸುತ್ತಾರೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ತೆಗೆದ ರೇಷ್ಮೆ ಹುರಿ ಕಾರ್ಖಾನೆಗೆ ಹೋದಾಗಲೂ ಮೊದಲ ಹಂತ ಲಡಿ ಬಿಚ್ಚಿ ಸುತ್ತುವುದೇ. ಪದೇ ಪದೇ ಹರಿಯುವ ನೂಲಿಗೆ ಅಲ್ಲೇ ಬೆಲೆ ಇಳಿಯುತ್ತದೆ. ಹತ್ತಿ ಗಿರಣಿಗಳಲ್ಲಿ ಸಣ್ಣ ಬಾಬಿನ್‌ಗಳ ನೂಲನ್ನು ದೊಡ್ಡ ಕೋನ್‌ಗೆ ಸುತ್ತುವ ಯಂತ್ರಕ್ಕೆ ಸೆನ್ಸರ್ ಇರುತ್ತದೆ. ಅತಿ ದಪ್ಪ ಅಥವಾ ಅತಿ ತೆಳುವಾದ ಜಾಗ ಬಂದರೆ ಅದು ಆ ತುಂಡನ್ನು ಕತ್ತರಿಸಿ, ಗಾಳಿಯ ಒತ್ತಡದಿಂದ ತುದಿಗಳನ್ನು ಬೆಸೆದು ಮುಂದುವರಿಯುತ್ತದೆ. ಸುತ್ತುವ ಹಂತದಲ್ಲೇ ಗಿರಣಿ ದೋಷ ತೆಗೆಯುವುದೇಕೆಂದರೆ ಬಟ್ಟೆಯಾದ ಮೇಲೆ ತೆಗೆಯುವುದು ಬಲು ದುಬಾರಿ. ಕಡ್ಡಿ ಹಿಡಿದವರಿಗೂ ಈ ಲೆಕ್ಕ ಬೇರೆಯಲ್ಲ.

ಉಂಡೆಯಾಗಿಯೇ ಸಿಗುವ ನೂಲಿಗೆ ಈ ಮಾತು ಅನ್ವಯಿಸುವುದೇ ಎಂದು ಕೇಳಬಹುದು. ಲುಧಿಯಾನದ ಗಿರಣಿಗಳಿಂದ ಬರುವ ಅಕ್ರಿಲಿಕ್ ನೂಲನ್ನು ಮತ್ತೆ ಸುತ್ತುವ ಅಗತ್ಯ ಸಾಮಾನ್ಯವಾಗಿ ಇಲ್ಲ, ಮಗುವಿನ ಟೋಪಿಗಂತೂ ಖಂಡಿತ ಬೇಡ. ಇದಕ್ಕಿಂತ ತೂಕದ ಆಕ್ಷೇಪ ಬೇರೊಂದಿದೆ: ಸುತ್ತುವುದೇ ನೂಲನ್ನು ಕೆಡಿಸುತ್ತದೆ ಎಂಬುದು. ಇದರಲ್ಲಿ ಹುರುಳಿದೆ. ಉಣ್ಣೆಯ ಎಳೆ ಹರಿಯದೆ ತನ್ನ ಉದ್ದದ ಕಾಲು ಭಾಗದಷ್ಟು ಹಿಗ್ಗಬಲ್ಲದು, ಬಿಟ್ಟಾಗ ಹಿಂದಕ್ಕೆ ಬರುತ್ತದೆ. ಬಿಗಿಯಾಗಿ ಸುತ್ತಿದ ಉಂಡೆಯಲ್ಲಿ ಅದು ಹಿಗ್ಗಿಕೊಂಡೇ ಕೂತಿರುತ್ತದೆ, ಹಾಗೇ ಹೆಣಿಗೆಗೂ ಇಳಿಯುತ್ತದೆ. ಮೊದಲ ಒಗೆತದಲ್ಲಿ ನೀರು ತಾಗಿದ್ದೇ ತಡ, ನೂಲು ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ಅಳತೆ ನೋಡಿ ಹೆಣೆದ ತೋಳು ಗಿಡ್ಡವಾಗುತ್ತದೆ. ಆದರೆ ಈ ತಪ್ಪು ಬಿಗಿಯದು, ಸುತ್ತುವಿಕೆಯದಲ್ಲ. ಉಂಡೆಯ ಮೇಲೆ ಎರಡು ಮೂರು ಬೆರಳಿಟ್ಟು, ಬೆರಳುಗಳ ಮೇಲಿಂದ ಹತ್ತಿಪ್ಪತ್ತು ಸುತ್ತು ಹಾಕಿ, ಬೆರಳು ಎಳೆದುಕೊಂಡು, ಉಂಡೆ ತಿರುಗಿಸಿ ಮತ್ತೆ ಅದೇ ರೀತಿ ಸುತ್ತುವ ಹಳೆಯ ಕ್ರಮ ಇರುವುದು ಇದಕ್ಕೇ. ಬೆರಳಿದ್ದ ಜಾಗದ ಸಡಿಲ ಒಳಗೇ ಉಳಿಯುತ್ತದೆ. ಅಂಥ ಉಂಡೆ ಅದುಮಿದರೆ ತಗ್ಗುತ್ತದೆ. ಕೊಂಡ ನೂಲನ್ನೆಲ್ಲ ಒಂದೇ ದಿನ ಸುತ್ತಿಡದೆ, ಹೆಣೆಯಲು ಹೊರಟಾಗ ಮಾತ್ರ ಲಡಿ ಬಿಚ್ಚುವುದೂ ಮೇಲು.

ಇನ್ನು ಯಂತ್ರದ ಮಾತು. ಕೊಡೆಯಂತೆ ಬಿಚ್ಚಿಕೊಳ್ಳುವ ಚೌಕಟ್ಟಿಗೆ ಲಡಿ ಹಾಕಿ, ಕೈಹಿಡಿಕೆಯ ಯಂತ್ರದಲ್ಲಿ ಸುತ್ತಿದರೆ ಕೆಲವೇ ನಿಮಿಷದ ಕೆಲಸ. ನೂಲನ್ನು ಬೆರಳ ನಡುವೆ ಹಾಯಿಸಿದರೆ ಪರೀಕ್ಷೆಯೂ ತಪ್ಪುವುದಿಲ್ಲ. ಇದರಲ್ಲಿ ತಯಾರಾಗುವ ಚಪ್ಪಟೆ ಉಂಡೆ ಉರುಳುವುದಿಲ್ಲ, ನಡುವಿನಿಂದಲೇ ನೂಲು ಬಿಡುತ್ತದೆ. ಸಣ್ಣ ತೊಡಕೆಂದರೆ, ಹಾಗೆ ಎಳೆದಾಗ ಪ್ರತಿ ಸುತ್ತಿಗೂ ನೂಲಿಗೆ ಒಂದೊಂದು ತಿರುವು ಬೀಳುತ್ತದೆ. ಬಿಗಿ ಹುರಿಯ ನೂಲಿಗೆ ಇದು ಲೆಕ್ಕಕ್ಕಿಲ್ಲ, ಸಡಿಲವಾದ ಒಂಟಿ ಎಳೆಯ ನೂಲಿನಲ್ಲಿ ಎದ್ದು ಕಾಣಬಹುದು. ಅಂಥದ್ದಕ್ಕೆ ಕೈಯಲ್ಲಿ ಸುತ್ತಿದ ಗುಂಡನೆಯ ಉಂಡೆಯೇ ವಾಸಿ: ಅದು ಬಟ್ಟಲಿನಲ್ಲಿ ಉರುಳುತ್ತ, ತಿರುವಿಲ್ಲದೆ ನೂಲು ಬಿಡುತ್ತದೆ. ಲಡಿ ಹಿಡಿಯಲು ಜೊತೆಗಾರರಿಲ್ಲದಿದ್ದರೆ ಕುರ್ಚಿಯ ಬೆನ್ನು ಸಾಕು. ಕಟ್ಟುಗಳನ್ನು ಮಾತ್ರ ಲಡಿಯನ್ನು ಕುರ್ಚಿಗೆ ಹಾಕಿ ಸರಿಪಡಿಸಿದ ಮೇಲೆಯೇ ಕತ್ತರಿಸಬೇಕು.