ಸಲಹೆಯ ಜೊತೆಗೆ ಕಾರಣವೂ ಕಡತ ಸೇರಲಿ

ನಿವೃತ್ತಿಯ ಹಣ ಕೈಗೆ ಬಂದವರು ಹೂಡಿಕೆ ಸಲಹೆಗಾರರ ಮುಂದೆ ಕುಳಿತರೆ ಮನೆಯ ಒಳಗುಟ್ಟೆಲ್ಲ ಮೇಜಿನ ಮೇಲೆ ಬರುತ್ತದೆ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆಯ ವಿವರ ಸರಿಯೇ. ಅದರ ಜೊತೆಗೆ ತೀರದ ಸಾಲ, ಮಗಳ ಮದುವೆಗೆಂದು ಎತ್ತಿಟ್ಟ ಮೊತ್ತ, ಹೆಂಡತಿಯ ಕಾಯಿಲೆ, ಅಣ್ಣತಮ್ಮಂದಿರ ಆಸ್ತಿ ತಕರಾರು. ನೆಂಟರಿಗೂ ಹೇಳದ ಈ ಸಂಗತಿಗಳೆಲ್ಲ ಈಗ ಕಂಪ್ಯೂಟರಿನ ಒಂದು ಫೋಲ್ಡರಿಗೆ ಸೇರುತ್ತವೆ.

ಆ ಫೋಲ್ಡರಿನಲ್ಲಿ ಏನಿರಬೇಕೆಂದು ಸೆಬಿ 2013ರ ಹೂಡಿಕೆ ಸಲಹೆಗಾರರ ನಿಯಮಾವಳಿಯಲ್ಲೇ ಹೇಳಿದೆ. ಕೆವೈಸಿ ದಾಖಲೆ, ಗ್ರಾಹಕರು ಎಷ್ಟು ನಷ್ಟ ತಾಳಬಲ್ಲರು ಎಂಬ ಅಂದಾಜು, ಸಲಹೆ ಅವರಿಗೆ ಹೊಂದುತ್ತದೆಯೇ ಎಂಬ ಪರಿಶೀಲನೆ, ಒಪ್ಪಂದ, ಕೊಟ್ಟ ಸಲಹೆ, ಅದಕ್ಕೆ ಕಾರಣ, ಪಡೆದ ಶುಲ್ಕ. ಕಾಗದದಲ್ಲಾದರೂ ಇಡಬಹುದು, ಡಿಜಿಟಲ್ ರೂಪದಲ್ಲಾದರೂ ಇಡಬಹುದು. ಕನಿಷ್ಠ 5 ವರ್ಷ ಕಾಪಾಡಬೇಕು. 2020ರ ಮಾರ್ಗಸೂಚಿಯ ಪ್ರಕಾರ ಸಲಹೆಗೆ ಸಂಬಂಧಿಸಿದ ಫೋನ್ ಮಾತು, ಇಮೇಲ್, ಎಸ್‌ಎಂಎಸ್‌ಗಳಿಗೂ ದಾಖಲೆ ಬೇಕು. ತಕರಾರು ಎದ್ದರೆ ಅದು ಇತ್ಯರ್ಥವಾಗುವವರೆಗೂ ಅವನ್ನು ಅಳಿಸುವಂತಿಲ್ಲ.

ಈ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಸಲಹೆಗೆ ಕಾರಣವೇನು ಎಂಬ ಟಿಪ್ಪಣಿ. ಅದಕ್ಕೆ ಸಹಿ, ದಿನಾಂಕ ಎರಡೂ ಕಡ್ಡಾಯ. ಡಿಜಿಟಲ್ ರೂಪದಲ್ಲಿ ಇಟ್ಟರೆ ಡಿಜಿಟಲ್ ಸಹಿ ಬೇಕು. 60 ದಾಟಿದವರ ಹಣದಲ್ಲಿ ದೊಡ್ಡ ಪಾಲನ್ನು ಷೇರು ಆಧಾರಿತ ಫಂಡಿಗೆ ಹಾಕಿಸಿದ್ದು ಯಾಕೆ? ಪಿಂಚಣಿ ಬರುತ್ತಿತ್ತೇ, ಮಕ್ಕಳ ಆಸರೆ ಇತ್ತೇ, ಅವರೇ ಹಟ ಹಿಡಿದು ಕೇಳಿದರೇ? ಮಾರುಕಟ್ಟೆ ಬಿದ್ದ ವರ್ಷ ಇಬ್ಬರ ನೆನಪೂ ಬೇರೆ ಬೇರೆ ಹೇಳುತ್ತದೆ. ಅಂದು ಬರೆದು, ಸಹಿ ಹಾಕಿ, ಆಮೇಲೆ ಯಾರೂ ತಿದ್ದಲಾಗದಂತೆ ಇಟ್ಟ ನಾಲ್ಕು ಸಾಲು ಗ್ರಾಹಕರನ್ನೂ ಕಾಯುತ್ತದೆ, ಪ್ರಾಮಾಣಿಕ ಸಲಹೆಗಾರರನ್ನೂ ಕಾಯುತ್ತದೆ.

ಕಾಗದವನ್ನು ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ‘ಸ್ಕ್ಯಾನ್ 0047’ ಎಂಬ ಹೆಸರಿನಲ್ಲಿ ಬಿದ್ದಿರುವ ಒಪ್ಪಂದ ಬೇಕಾದ ದಿನ ಸಿಗುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಕೂಡ ದಾಖಲೆ ಮುಂದೆ ತೆರೆದು ಬಳಸಲು ಬರುವಂತಿರಬೇಕು ಎನ್ನುತ್ತದೆ. ಗ್ರಾಹಕರ ಹೆಸರು, ದಾಖಲೆಯ ಬಗೆ, ದಿನಾಂಕ ಇಷ್ಟನ್ನು ಫೈಲಿನ ಹೆಸರಲ್ಲೇ ಬರೆದಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಇನ್ನು ವಾಟ್ಸ್ಆ್ಯಪ್. ಆಧಾರ್ ಚಿತ್ರ ಅದರಲ್ಲೇ ಬರುತ್ತದೆ, ಕಚೇರಿಯ ಹುಡುಗನ ಫೋನಿನ ಗ್ಯಾಲರಿಯಲ್ಲಿ ಉಳಿಯುತ್ತದೆ, ಅವನು ಕೆಲಸ ಬಿಟ್ಟಾಗ ಅವನೊಂದಿಗೇ ಹೋಗುತ್ತದೆ. ಇದು ನಿಲ್ಲಲೇಬೇಕು. ಆಧಾರ್ ಕೊಡಲೇಬೇಕಾದಲ್ಲಿ ಮೊದಲ 8 ಅಂಕಿ ಮರೆಮಾಡಿದ ಪ್ರತಿಯನ್ನು ಯುಐಡಿಎಐ ತಾಣದಿಂದಲೇ ಇಳಿಸಿಕೊಳ್ಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ತ ಭದ್ರತೆ ಕೊಡದೆ ಮಾಹಿತಿ ಸೋರಲು ಬಿಟ್ಟರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಬ್ಯಾಕಪ್ ವಿಷಯದಲ್ಲಿ ಹಳೆಯ ಸೂತ್ರವೇ ಸಾಕು: 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಬೇರೆ ಸ್ಥಳದಲ್ಲಿ. ಆಗಾಗ ಒಂದು ಫೈಲನ್ನು ಅಲ್ಲಿಂದ ತೆರೆದು ನೋಡಬೇಕು.

ಒಬ್ಬರೇ ನಡೆಸುವ ಕಚೇರಿಗಳ ಬಗ್ಗೆ ನನಗೆ ಹೆಚ್ಚು ಆತಂಕ. ಪಾಸ್‌ವರ್ಡ್ ಗೊತ್ತಿರುವುದು ಅವರೊಬ್ಬರಿಗೇ. ಅವರು ಹಾಸಿಗೆ ಹಿಡಿದರೆ ನೂರಾರು ಮನೆಗಳ ಲೆಕ್ಕಕ್ಕೆ ಬೀಗ ಬೀಳುತ್ತದೆ. ಹಾಗಾಗಿ ಒಪ್ಪಂದದ, ಪ್ರತಿ ಲಿಖಿತ ಸಲಹೆಯ ಒಂದೊಂದು ಪ್ರತಿಯನ್ನು ಗ್ರಾಹಕರೂ ಕೇಳಿ ಪಡೆಯಲಿ, ಎಲ್ಲಿದೆಯೆಂದು ನಾಮಿನಿಗೆ ತಿಳಿಸಲಿ. ಮರೆತುಹೋದ ಮ್ಯೂಚುವಲ್ ಫಂಡ್ ಹೂಡಿಕೆ ಹುಡುಕಲು 2025ರಲ್ಲಿ ‘ಮಿತ್ರ’ ಎಂಬ ವ್ಯವಸ್ಥೆ ಬಂದಿದೆ. ಯಾವ ಕಡತವೂ ಸಿಗದ ಮನೆಯವರು ಅಲ್ಲಿಂದ ಹುಡುಕಾಟ ಶುರುಮಾಡಬಹುದು.