ಒಂದು ಯೂನಿಟ್ ವಿದ್ಯುತ್ತಿನ ಬೆಲೆ

ಚಿಕ್ಕೋಡಿ ತಾಲೂಕಿನ ಕಬ್ಬೂರಿನಲ್ಲಿ ಕಬ್ಬಿಗೆ ನೀರು ಹಾಯಿಸಲು ರೈತನು ಮೋಟಾರಿನ ಗುಂಡಿಯನ್ನೊತ್ತುತ್ತಾನೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿನ ವಿದ್ಯುತ್ತಿಗೆ ಅವನು ಹಣ ತೆರಬೇಕಾಗಿಲ್ಲ. ಅವನ ಪರವಾಗಿ ರಾಜ್ಯ ಸರಕಾರವು ತೆರುತ್ತದೆ. ಆದುದರಿಂದ ಯಾವ ಇಂಧನದಿಂದ ವಿದ್ಯುತ್ತು ಅಗ್ಗವಾಗಿ ದೊರೆಯುವುದೆಂಬುದು ಇಡೀ ನಾಡಿನ ಬೊಕ್ಕಸಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿದೆ.

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೂ ಇಲ್ಲ, ನೈಸರ್ಗಿಕ ಅನಿಲದ ಬಾವಿಯೂ ಇಲ್ಲ. ಎರಡನ್ನೂ ಹೊರಗಿನಿಂದಲೇ ತರಬೇಕು. ಚಿಕ್ಕೋಡಿ, ರಾಯಬಾಗ, ಅಥಣಿಗಳ ನೆಲವನ್ನು ಹಾಯ್ದು ಹೋಗುವ ಕೃಷ್ಣೆಯ ದಡದಲ್ಲಿಯೇ, ಬಹುದೂರ ಕೆಳಗೆ, ರಾಯಚೂರು ಉಷ್ಣ ವಿದ್ಯುತ್ ಕೇಂದ್ರವಿದೆ. 1985ರಲ್ಲಿ ಕೆಲಸಕ್ಕೆ ತೊಡಗಿದ ಈ ಕೇಂದ್ರದ ಸಾಮರ್ಥ್ಯವು ಮುಂದೆ 1,720 ಮೆಗಾವಾಟ್‌ಗೆ ಬೆಳೆಯಿತು. ಸಿಂಗರೇಣಿ ಮೊದಲಾದ ಗಣಿಗಳ ಕಲ್ಲಿದ್ದಲು ಇಲ್ಲಿಗೆ ರೈಲಿನಲ್ಲಿ ಬರುತ್ತದೆ. ಅದನ್ನು ಉರಿಸಿ, ನೀರನ್ನು ಹಬೆಯಾಗಿಸಿ, ಆ ಹಬೆಯಿಂದ ಟರ್ಬೈನನ್ನು ತಿರುಗಿಸುತ್ತಾರೆ. ಉರಿದ ಶಾಖದಲ್ಲಿ ವಿದ್ಯುತ್ತಾಗುವುದು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋಗ್ರಾಮಿನಷ್ಟು ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಬಹಳ. ಮೂರು ವ್ಯಾಗನ್ನು ಬಂದರೆ ಒಂದರಷ್ಟು ಬೂದಿಗೇ ಬಾಡಿಗೆ ತೆತ್ತಂತೆ!

ಬೆಂಗಳೂರಿನ ಯಲಹಂಕದಲ್ಲಿ 2024ರಲ್ಲಿ ಉದ್ಘಾಟನೆಗೊಂಡ 370 ಮೆಗಾವಾಟ್ ಕೇಂದ್ರದ್ದು ಬೇರೆಯ ಬಗೆ. ಕೊಂಕಣದ ದಾಭೋಳದಿಂದ ಬೆಳಗಾವಿ ಜಿಲ್ಲೆಯನ್ನು ಹಾಯ್ದು ಬೆಂಗಳೂರಿಗೆ ಬರುವ ಕೊಳವೆಮಾರ್ಗವು 2013ರಲ್ಲಿ ಸಿದ್ಧವಾಯಿತು. ಇಲ್ಲಿ ಉರಿಯುವ ಅನಿಲವೇ ಮೊದಲ ಟರ್ಬೈನನ್ನು ತಿರುಗಿಸುತ್ತದೆ. ಹೊರಬರುವ ಬಿಸಿಗಾಳಿಯಿಂದ ಹಬೆ ಮಾಡಿ ಎರಡನೆಯದನ್ನು ತಿರುಗಿಸುತ್ತಾರೆ. ಹೀಗೆ ಅರ್ಧದಷ್ಟು ಶಾಖವು ವಿದ್ಯುತ್ತಾಗುತ್ತದೆ. ಬೂದಿಯ ಕಾಟವಿಲ್ಲ, ಇಂಗಾಲದ ಡೈಆಕ್ಸೈಡು ಸುಮಾರು ಅರ್ಧಕ್ಕಿಳಿಯುತ್ತದೆ, ಕೇಂದ್ರವನ್ನು ಕಟ್ಟಲು ಹಿಡಿಯುವ ಕಾಲವೂ ಹಣವೂ ಕಡಿಮೆ.

ಹಾಗಾದರೆ ಕಲ್ಲಿದ್ದಲನ್ನೇಕೆ ಬಿಡಬಾರದು? ದೇಶದಲ್ಲಿ ದೊರೆಯುವ ಅನಿಲವು ಸಾಲದು. ಉಳಿದುದನ್ನು ಪರದೇಶದಿಂದ ದ್ರವರೂಪದಲ್ಲಿ ಹಡಗಿನಲ್ಲಿ ತಂದು ಡಾಲರಿನ ಲೆಕ್ಕದಲ್ಲಿ ಬೆಲೆ ಕೊಡಬೇಕು. 2022ರಲ್ಲಿ ಯುಕ್ರೇನಿನಲ್ಲಿ ಯುದ್ಧ ನಡೆದಾಗ ಆ ಬೆಲೆಯು ಗಗನಕ್ಕೇರಿತು; ಭಾರತದ ಅನೇಕ ಅನಿಲ ಕೇಂದ್ರಗಳು ಸುಮ್ಮನೆ ನಿಂತವು. ದಾಭೋಳವು ಇದಕ್ಕಿಂತ ಮೊದಲೇ ಇಂಥ ಪೆಟ್ಟು ತಿಂದ ಊರು. 1999ರಲ್ಲಿ ಅಲ್ಲಿ ಆರಂಭವಾದ ಕೇಂದ್ರವು ಅನಿಲ ಬರುವವರೆಗೆ ದುಬಾರಿ ನಾಫ್ತಾವನ್ನು ಉರಿಸಿತು. ಮಹಾರಾಷ್ಟ್ರದ ವಿದ್ಯುತ್ ಮಂಡಳಿಗೆ ಆ ಬೆಲೆ ತಾಳದಾಯಿತು. 2001ರಲ್ಲಿ ಕೇಂದ್ರವು ಮುಚ್ಚಿತು.

ಇಂಧನದ ಬೆಲೆಯೊಂದೇ ಲೆಕ್ಕವಲ್ಲ. ಚಿಕ್ಕೋಡಿ ಸೀಮೆಯ ಸಕ್ಕರೆ ಕಾರ್ಖಾನೆಯು ಕೆಲವೇ ತಿಂಗಳು ಕಬ್ಬು ನುರಿಸಿದರೂ ಬ್ಯಾಂಕಿನ ಬಡ್ಡಿಯು ಹನ್ನೆರಡು ತಿಂಗಳೂ ಓಡುತ್ತದೆ. ವಿದ್ಯುತ್ ಕೇಂದ್ರಕ್ಕೂ ಇದೇ ನ್ಯಾಯ. ಕಟ್ಟಲು ಹೆಚ್ಚು ಹಣ ನುಂಗುವ ಕಲ್ಲಿದ್ದಲಿನ ಕೇಂದ್ರವು ಹಗಲಿರುಳು ಓಡಿದರೆ ಮಾತ್ರ ಯೂನಿಟ್ಟಿನ ಬೆಲೆ ಇಳಿಯುತ್ತದೆ. ಆರಿದ ಕುಲುಮೆಯನ್ನು ಮತ್ತೆ ಕಾಯಿಸಲು ಅನೇಕ ತಾಸು ಬೇಕು. ಅನಿಲದ ಕೇಂದ್ರವು ಅದಕ್ಕಿಂತ ಬೇಗ ಏಳುತ್ತದೆ. ಬಿಸಿಲಿಳಿದು ಸೌರಫಲಕಗಳು ಸುಮ್ಮನಾಗಿ, ಮನೆಮನೆಯ ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುವ ಸಂಜೆಯ ಕೆಲವು ತಾಸುಗಳಿಗೆ ಅದರ ದುಬಾರಿ ಯೂನಿಟ್ಟನ್ನೂ ಕೊಳ್ಳಬೇಕಾಗುತ್ತದೆ.